ಗಾಜಿನ ಮೇಲಿನ ಹೆಬ್ಬೆರಳು

"ದೀಪ ಮಂಕಾಗಿದೆ. ಅಳತೆ ಹೇಳ್ತಿರೋದು ಅಷ್ಟೇ."

ಗ್ರೋನಿಂಗನ್ ನಗರದ ಪ್ರಯೋಗಾಲಯದ ಸಭೆಯಲ್ಲಿ, ದೀಪವನ್ನು ಅಳೆದಿದ್ದ ವೌಟರ್ ಇಷ್ಟು ಹೇಳಿ ಕುಳಿತ. ರೆನ್ಸ್ಕೆಯ ಮುಖ ನೋಡಲಿಲ್ಲ.

ಎರಡು ವರ್ಷ ಕೂತು ಅವಳು ಕಟ್ಟಿದ ನೇರಳಾತೀತ ದೀಪ ಅದು. ಕಡಲ ತಳಕ್ಕೆ ಇಳಿಸುವ, ಬೆಳಕನ್ನು ಗುರುತಿಸುವ ಶೋಧಕಗಳನ್ನು ಅದರ ಮುಂದಿಟ್ಟು ಪರೀಕ್ಷಿಸಬೇಕಿತ್ತು. ಈಗ ಆ ಕೆಲಸ ಬೇರೆ ಊರಿನ ದೀಪಕ್ಕೆ ಹೋಗುತ್ತದೆ.

ಮೊನ್ನೆಯವರೆಗೂ ಚೆನ್ನಾಗಿ ಉರಿಯುತ್ತಿತ್ತು... ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲವಲ್ಲ ಇವನು, ಅಂದುಕೊಂಡಳು ರೆನ್ಸ್ಕೆ.

ಕಾಫಿಯ ಹೊತ್ತಿಗೆ ಮುಖ್ಯಸ್ಥೆ ಹಾನೆಕೆ ಬಿಸ್ಕತ್ತಿನ ಡಬ್ಬ ಮುಂದೆ ಹಿಡಿದಳು. "ತಗೋ ಮಗಳೇ. ಇವತ್ತು ಎರಡು ತಗೊಂಡ್ರೂ ಯಾರೂ ಏನೂ ಅನ್ನಲ್ಲ."

ರೆನ್ಸ್ಕೆ ಒಂದನ್ನೂ ಮುಟ್ಟದೆ ಎದ್ದು ಹೋಗಿ ದೀಪ ಬಿಚ್ಚಿದಳು. ಅದರ ಕ್ವಾರ್ಟ್ಜ್ ಗಾಜನ್ನು ಓರೆಯಾಗಿ ಹಿಡಿದಾಗ ಕಂದು ಗುರುತೊಂದು ಕಂಡಿತು. ಆ ಗಾಜನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳ ಜಿಡ್ಡು ಅಂಟಿದರೆ ದೀಪದ ಬೆಳಕೇ ಅದನ್ನು ಸುಟ್ಟು ಕರೆ ಕಟ್ಟಿಸುತ್ತದೆ.

ಹೆಬ್ಬೆರಳ ಗುರುತು. ನಡುವೆ ಒಂದು ಅಡ್ಡಗೆರೆ.

ಆ ಗೆರೆ ಅವಳಿಗೆ ಗೊತ್ತು. ಮೊದಲ ಭೇಟಿಯ ದಿನ ಕ್ಯಾಂಟೀನಿನಲ್ಲಿ ಚೀಸ್ ಹೆರೆಯಲು ಹೋಗಿ ಹೆಬ್ಬೆರಳು ಕೊಯ್ದುಕೊಂಡ ವೌಟರ್‌ಗೆ ಪಟ್ಟಿ ಕಟ್ಟಿದವಳು ಅವಳೇ.

ತಲೆಯೆತ್ತಿದಾಗ ಬಾಗಿಲಲ್ಲಿ ವೌಟರ್ ನಿಂತಿದ್ದ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಸೋಮವಾರ ಗಾಜು ಸಡಿಲ ಇತ್ತು. ಗ್ಲೌಸ್ ಇಲ್ಲದೆ ಒತ್ತಿಬಿಟ್ಟೆ."

"ದೀಪ ಹಚ್ಚೋ ಮುಂಚೆ ಹೇಳಿದ್ರೆ ಒರೆಸಿಬಿಡ್ತಿದ್ದೆ."

"ಹೆದರಿದೆ. ಬೈತೀಯ ಅಂತಲ್ಲ... ಇನ್ಮೇಲೆ ನಿನ್ನ ಮೇಜಿನ ಹತ್ರ ಸೇರಿಸಲ್ಲ ಅಂತ."

"ಅದಕ್ಕೆ ನನ್ನನ್ನೇ ಮುಳುಗಿಸಿದೆ."

ಅವಳ ದನಿ ಏರಲಿಲ್ಲ. ಅವನು ತಲೆ ತಗ್ಗಿಸಿದ.

"ಈಗ ಎಲ್ಲರ ಮುಂದೆ ಹೇಳಿ ಬಂದೆ. ಶುಕ್ರವಾರ ನಿನ್ನ ದೀಪ ಮತ್ತೆ ಅಳೀತಾರೆ. ನಾನಲ್ಲ, ಬೇರೆಯವರು. ಅಳತೆ ಕೆಲಸದಿಂದ ನನ್ನನ್ನ ತೆಗೆದ್ರು."

"ಹಾನೆಕೆ ಬಿಸ್ಕತ್ತು ಕೊಟ್ಲಾ?"

"ಡಬ್ಬ ಮುಚ್ಚಿಬಿಟ್ಳು."

ನಗಬಾರದೆಂದುಕೊಂಡರೂ ಅವಳ ತುಟಿ ಅಲುಗಿತು. ಕಣ್ಣು ಮಾತ್ರ ತುಂಬಿಯೇ ಇತ್ತು. ಚುಚ್ಚಿದ ಮುಳ್ಳು ಇನ್ನೂ ಒಳಗೇ ಇತ್ತು.

"ಹೋಗು ಅಂದ್ರೆ ಹೋಗ್ತೀನಿ. ಆದ್ರೆ ನಿನ್ನ ಮೇಲೆ ಜೀವ ಇಟ್ಕೊಂಡಿರೋದು ಸುಳ್ಳಲ್ಲ, ರೆನ್ಸ್."

ಅವಳು ಕರೆ ಕಟ್ಟಿದ ಗಾಜನ್ನು ಮೇಜಿನ ಮೇಲಿಟ್ಟಳು. ಆಮೇಲೆ ಡ್ರಾಯರಿನಿಂದ ಹೊಸ ಗಾಜನ್ನೂ ಒಂದು ಜೊತೆ ಗ್ಲೌಸನ್ನೂ ತೆಗೆದಳು. ಒಂದು ಗ್ಲೌಸನ್ನಷ್ಟೇ ಅವನತ್ತ ನೀಡಿದಳು.

"ಇನ್ನೊಂದು ಕೈಗೆ?"

"ಆ ಕೈ ಇಲ್ಲಿ ಕೊಡು. ಬಿಟ್ರೆ ಮತ್ತೇನು ಮುಟ್ತೀಯೋ ಏನೋ..."