ಬಲಗೋಡೆಗೆ ಹಿಡಿಯದ ಬಣ್ಣ

"ಮುಗೀತು! ಯಾರೋ ಬೇಕಂತಲೇ ಹಾಳುಮಾಡಿದಾರೆ!"

ಎಲ್ವಿನ್ ಟ್ರೆಂಬಾತ್‌ನ ಕೂಗಿಗೆ ಪಕ್ಕದ ಶೆಡ್ಡಿನಲ್ಲಿದ್ದ ಗ್ವೆನ್ ಶುಲ್ಟ್ಸ್ ಕೈಲಿದ್ದ ರಿವೆಟ್ಟುಗಳನ್ನು ಚೆಲ್ಲಿ ಓಡಿಬಂದಳು. ಮೂವತ್ತು ವರ್ಷ ಪೊಲೀಸಿನಲ್ಲಿ ದುಡಿದವಳು. ಈಗ ಕಡೀನಾ ಊರಿನ ವಿಮಾನಪಟ್ಟಿಯಲ್ಲಿ ಎಲ್ಲರಂತೆ ತಾನೂ ಸ್ವಂತ ಕೈಯಿಂದ ವಿಮಾನ ಕಟ್ಟುತ್ತಿದ್ದಳು. ಕಟ್ಟಿ ಮುಗಿದದ್ದು ಬಾಲ ಮಾತ್ರ, ಆ ಮಾತು ಬೇರೆ.

ಎಲ್ವಿನ್‌ನ ವಿಮಾನದೊಳಗೆ ಇಣುಕಿದಳು. ನಿನ್ನೆ ಸಂಜೆ ಹೊಡೆದ ಕೆನೆಬಣ್ಣ ಬಲಗೋಡೆಯ ಮೇಲೆ ಗುಂಡಗುಂಡಗೆ ಹಿಂದೆ ಸರಿದು ನಿಂತಿತ್ತು. ಒಂದೊಂದು ಗುಂಡಿಯೊಳಗಿಂದಲೂ ಅಡಿಬಣ್ಣವಾದ ಹಸಿರು ಪ್ರೈಮರ್ ಮೀನಿನ ಕಣ್ಣಿನಂತೆ ಪಿಳಿಪಿಳಿ ನೋಡುತ್ತಿತ್ತು.

"ಜಿಡ್ಡು. ಪ್ರೈಮರ್ ಮೇಲೆ ಜಿಡ್ಡು ತಾಗಿದೆ," ಎಂದಳು.

"ತಾಗಿದೆ ಅಲ್ಲ, ತಾಗಿಸಿದಾರೆ! ನಿನ್ನೆ ಒಳಗೆಲ್ಲ ಒರೆಸಿದ್ದು ಯಾರು? ಇವನೇ!"

ಕ್ಲೆಮ್ ಹಾಕಿಂಗ್ ಬಾಗಿಲ ಬಳಿ ನಿಂತಿದ್ದ. ಮೊದಲು ಕುರಿ ಉಣ್ಣೆ ಕತ್ತರಿಸುತ್ತಿದ್ದವನು. ಒಂಬತ್ತು ವರ್ಷದಿಂದ ಈ ವಿಮಾನದ ಅರ್ಧ ಪಾಲುಗಾರ. ಅವನು ಅರಿವಿಲ್ಲದೆ ತನ್ನ ಅಂಗೈ ನೋಡಿಕೊಂಡ.

"ನೋಡು ನೋಡು! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ!"

ಕ್ಲೆಮ್‌ನ ಮುಖ ಕಪ್ಪಿಟ್ಟಿತು. "ಸರಿ ಕಣಪ್ಪಾ. ವಿಮಾನ ನೀನೇ ಇಟ್ಕೋ. ನನ್ನ ಪಾಲೂ ಬೇಡ, ನಿನ್ನ ಸಹವಾಸವೂ ಬೇಡ." ತನ್ನ ಹತ್ಯಾರುಗಳನ್ನು ಒಂದೊಂದಾಗಿ ಗಾಡಿಗೆ ತುಂಬತೊಡಗಿದ.

ಗ್ವೆನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಈ ಗಾಡಿ ಒಮ್ಮೆ ಹೊರಟರೆ ಕ್ಲೆಮ್ ತಿರುಗಿ ಬರುವ ಆಸಾಮಿಯಲ್ಲ. ಬಿಸಿಗಾಳಿಗೆ ಶೆಡ್ಡಿನ ತಗಡು ಬಡಬಡನೆ ಬಡಿದುಕೊಳ್ಳುತ್ತಿತ್ತು; ಅವಳ ತಲೆಯೂ ಹಾಗೇ ಆಗಿತ್ತು.

"ಕ್ಲೆಮ್, ಒಂದು ನಿಮಿಷ. ಬಣ್ಣದ ವಿಷಯಕ್ಕೆ ಜಗಳ ಆಗಿತ್ತಂತೆ, ನಿಜಾನಾ?"

"ಒಂದೂವರೆ ತಿಂಗಳಿಂದ! ಬಣ್ಣ ಅಂದ್ರೆ ಭಾರ. ತುಕ್ಕಿಗೆ ಪ್ರೈಮರ್ ಸಾಕು, ಮೇಲೆ ಇನ್ನೇನೂ ಬೇಡ ಅಂದೆ. ಇವನಿಗೆ ಕೆನೆಬಣ್ಣವೇ ಆಗ್ಬೇಕು, ಮದುವೆ ಮನೆ ಥರ!"

"'ಅದು ಹ್ಯಾಗೆ ಹಿಡಿಯತ್ತೋ ನೋಡ್ತೀನಿ' ಅಂದಿದ್ಯಂತೆ?"

"ಅಂದೆ. ಬಾಯಲ್ಲಿ ಅಂದೆ. ಕೈಯಲ್ಲಿ ಮಾಡ್ಲಿಲ್ಲ!"

"ಒರೆಸಿದ್ದು ಎಷ್ಟು ಹೊತ್ತಿಗೆ?"

"ನಾಲ್ಕಕ್ಕೆ."

"ಎಲ್ವಿನ್, ನೀನು ಬಣ್ಣ ಹೊಡೆದದ್ದು?"

"ಐದೂವರೆಗೆ. ನಡುವೆ ಬೆರಿಲ್ ತಿಂಡಿ ತಂದಿದ್ಲು. ತಿಂದು, ನಾನೂ ಇವನೂ ಹಿಂದಿನ ಕೋಣೇಲಿ ಬಣ್ಣ ಕಲಸಿದ್ವಿ."

ಬೆರಿಲ್ ಎಲ್ವಿನ್‌ನ ಹೆಂಡತಿ. "ಆ ತಗಡಿನ ಡಬ್ಬಿಯೊಳಗೆ ನಾನು ಸತ್ರೂ ಕೂರಲ್ಲ" ಎಂದು ಒಂಬತ್ತು ವರ್ಷ ಊರಿಗೆಲ್ಲ ಸಾರಿದವಳು. ಈಗ ಮುಲಾಮಿನಿಂದ ಮಿರುಗುವ ಕೈಲಿ ಚಹಾದ ಫ್ಲಾಸ್ಕ್ ಹಿಡಿದು ಗಂಡನ ಹಿಂದೆ ಗಾಬರಿಯಿಂದ ನಿಂತಿದ್ದಳು.

ಗ್ವೆನ್ ಟಾರ್ಚ್ ಹಿಡಿದು ಮತ್ತೆ ಒಳಗೆ ಬಗ್ಗಿದಳು. ಎಡಭಾಗ ಚೊಕ್ಕ. ಬಲಗೋಡೆ, ಕೂರುವ ಎರಡು ಜಾಗಗಳ ನಡುವಿನ ದಿಣ್ಣೆ—ಅಷ್ಟೇ. ಅದೂ ಗೊಂಚಲು ಗೊಂಚಲಾಗಿ. ಒಂದು, ಎರಡು, ಮೂರು, ನಾಲ್ಕು... ಬೆರಳುಗಳು! ಅಯ್ಯೋ, ಇಷ್ಟು ಹೊತ್ತು ಕಣ್ಣಿಗೆ ಮಣ್ಣು ಬಿದ್ದಿತ್ತೇ?

"ಗಾಡಿ ನಿಲ್ಸು ಕ್ಲೆಮ್! ಎಲ್ವಿನ್, ನೀನು ಗುಂಡಿ ಮಾತ್ರ ನೋಡಿದೆ, ಅವು ಯಾವ ಕಡೆ ಮುಖ ಮಾಡಿವೆ ಅಂತ ನೋಡ್ಲಿಲ್ಲ. ಹೊರಗಿಂದ ಬಗ್ಗಿ ಜಿಡ್ಡು ಹಚ್ಚಿದ್ರೆ ಬೆರಳು ನೆಲದ ಕಡೆ ಇರ್ಬೇಕು. ಇವು ವಿಮಾನದ ಮೂತಿಯ ಕಡೆ ಇವೆ. ಒಳಗೆ ಕೂತು, ಎರಡೂ ಕೈಲಿ ಅಕ್ಕಪಕ್ಕ ಗಟ್ಟಿಯಾಗಿ ಒತ್ತಿ ಹಿಡಿದವರ ಕೈ ಇದು. ಪುಟ್ಟ ಕೈ."

"ಯಾರದು?"

"ಇಲ್ಲಿ ವಿಮಾನ ಕಟ್ಟೋರು ಇನ್ನೊಬ್ಬರ ವಿಮಾನ ನೋಡುವಾಗಲೂ ಕೈ ಬೆನ್ನ ಹಿಂದೆ ಕಟ್ಕೊಳ್ತಾರೆ. ಒರೆಸಿದ ಪ್ರೈಮರನ್ನ ಬರಿಗೈಲಿ ಮುಟ್ಬಾರದು ಅಂತ ಗೊತ್ತಿಲ್ಲದವರು ಇಲ್ಲಿ ಒಬ್ಬರೇ. ಕೈ ಒಡೀದ ಹಾಗೆ ಉಣ್ಣೆಜಿಡ್ಡಿನ ಮುಲಾಮು ಹಚ್ಕೊಳ್ಳೋರು. ಅಲ್ವಾ ಬೆರಿಲ್?"

ಬೆರಿಲ್ ಫ್ಲಾಸ್ಕ್ ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

"ನಾನೇ ಕೂತಿದ್ದು. ಮುಟ್ಟಿದ್ರೆ ಹೀಗಾಗತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ! ನಿನ್ ಜೊತೆ ಬರ್ತೀನಿ ಅನ್ನೋ ಮುಂಚೆ, ಒಳಗೆ ಕೂರೋಕಾದ್ರೂ ಆಗತ್ತಾ ನೋಡೋಣ ಅಂತ... ಹೆದರಿಕೆ ಆಯ್ತು. ಗೋಡೆ ಹಿಡ್ಕೊಂಡೆ."

ಎಲ್ವಿನ್ ಹೆಂಡತಿಯನ್ನೇ ನೋಡಿದ. ಹಿಗ್ಗು ಉಕ್ಕಿಬಂತು; ಅದರ ಬೆನ್ನಿಗೇ ನಾಚಿಕೆಯೂ ಬಂತು. ಕಾಲೆಳೆದುಕೊಂಡು ಗಾಡಿಯ ಬಳಿ ಹೋದ.

"ಕ್ಲೆಮ್, ನನ್ನ ನಾಲಿಗೆಗೆ ಬೆಂಕಿ ಬೀಳ್ಲಿ."

"ಬೀಳತ್ತೆ. ಥಿನ್ನರ್ ಡಬ್ಬಿ ಪಕ್ಕ ನಿಂತಿದೀಯ, ದೂರ ಸರಿ."

ಕ್ಲೆಮ್ ಪೆಟ್ಟಿಗೆ ಇಳಿಸಿ, ಉಜ್ಜುಕಾಗದ ಹುಡುಕಿ ತೆಗೆದ. ಆದರೆ ಎಲ್ವಿನ್‌ನ ಮುಖ ನೋಡಲಿಲ್ಲ.

"ಬಲಗೋಡೆ ನಾನೇ ಉಜ್ತೀನಿ, ನಾಳೆ ಸರಿಹೋಗತ್ತೆ. ನಿನ್ ಮಾತಿದೆಯಲ್ಲ ಎಲ್ವಿನ್, ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕು."