ಬೋರಲಿಟ್ಟ ಚೂರು

“ಕದ್ದ ಮಾಲು ಇಲ್ಲಿದೆ ನೋಡಿ ಉಸ್ತಾದ್. ಕದ್ದವಳೂ ಇಲ್ಲೇ ಇದಾಳೆ.”

ಗಣಿತದ ತರಗತಿಯ ಬಾಗಿಲಲ್ಲಿ ನಿಂತಿದ್ದ ಬತೂಲ್, ಹತ್ತು ವರ್ಷದ ಹುಡುಗಿಯೊಬ್ಬಳ ರಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದಳು. ಹುಡುಗಿಯ ಮೇಲಂಗಿಯ ಜೇಬು ಬಣ್ಣದ ಹೆಂಚಿನ ಚೂರುಗಳಿಂದ ಉಬ್ಬಿತ್ತು.

ಫೆಸ್ ಊರಿನ ಹಳೇ ಪೇಟೆಯಲ್ಲಿ ಬತೂಲಳ ಅಪ್ಪನ ಕಾರ್ಖಾನೆ ಗೊತ್ತಿಲ್ಲದವರಿಲ್ಲ. ಮೆರುಗು ಹೆಂಚನ್ನು ಚೂಪು ಸುತ್ತಿಗೆಯಲ್ಲಿ ಕತ್ತರಿಸಿ ನಕ್ಷತ್ರ, ಹೂವು ಜೋಡಿಸುವ ಮನೆತನ ಅದು. ಅಪ್ಪನನ್ನು ಎಲ್ಲರೂ ಮಾಲೆಮ್ ಎನ್ನುತ್ತಾರೆ, ಅಂದರೆ ಕಸುಬಿನ ಗುರು. ಮಗಳಿಗೆ ಆ ಕಸುಬೂ ಬಂದಿತ್ತು, ಕಸುಬಿನವರ ಸಿಟ್ಟೂ ಬಂದಿತ್ತು.

ಮೇಷ್ಟ್ರಾಗಿದ್ದ ತರುಣ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ.

“ಕದ್ದಿದ್ದು ಅವಳಲ್ಲ, ನಾನು. ಚೂರು ಆರಿಸ್ಕೊಂಡು ಬಾ ಅಂತ ಕಳಿಸಿದ್ದೇ ನಾನು. ಕಸ ಅಂದ್ಕೊಂಡಿದ್ದೆ.”

“ಕಸಾನಾ?”

“ತಪ್ಪಾಯ್ತು. ಅವಳ ಕೈ ಬಿಡಿ.”

ಅವನ ದನಿಯಲ್ಲಿ ಅಳುಕಿರಲಿಲ್ಲ, ಜಂಭವೂ ಇರಲಿಲ್ಲ. ಬತೂಲಳಿಗೆ ಇದು ಹೊಸದು. ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಅವಳು ತಮ್ಮ ಕಾರ್ಖಾನೆಯಲ್ಲಿ ಕಂಡೇ ಇರಲಿಲ್ಲ. ಅಲ್ಲಿ ಹೆಂಚು ಒಡೆದರೆ ಒಂದೋ ಆವಿಗೆಯ ತಪ್ಪು, ಇಲ್ಲವೇ ಹೊತ್ತು ತಂದ ಕತ್ತೆಯ ತಪ್ಪು.

ಅವಳ ಹಿಡಿತ ತಾನಾಗಿ ಸಡಿಲವಾಯಿತು.

“ಏನ್ ಮಾಡ್ತೀರಿ ಇದನ್ನ?”

“ಕೋನ ಅಂದ್ರೆ ಇವರಿಗೆ ನಿದ್ದೆ ಬರುತ್ತೆ. ಕೈಗೆ ಕೊಟ್ರೆ ಎಚ್ಚರ ಆಗ್ತಾರೇನೋ ಅಂತ.”

ಬತೂಲ್ ಕರಿಹಲಗೆಯ ಮೇಲಿದ್ದ ಎಂಟು ಮೂಲೆಯ ನಕ್ಷತ್ರವನ್ನು ನೋಡಿದಳು. ಆಮೇಲೆ ಚೂರುಗಳನ್ನು ನೋಡಿದಳು.

“ಇದರಲ್ಲಿ ಅದು ಆಗಲ್ಲ. ಬುಧವಾರ ಮಧ್ಯಾಹ್ನ ನಾನೇ ಬರ್ತೀನಿ, ಸರಿಯಾದ ಚೂರು ತರ್ತೀನಿ.”

ಹೇಳಿದ ಮೇಲೆ, ಯಾಕೆ ಹಾಗಂದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಮೇಷ್ಟ್ರ ಹೆಸರು ಜವಾದ್ ಎಂದೂ, ಆ ಹುಡುಗಿ ಇಬ್ತಿಹಾಲ್ ಎಂದೂ ಅವಳಿಗೆ ತಿಳಿದದ್ದು ಬುಧವಾರವೇ.

*

ಆ ಬುಧವಾರ ಮುಗಿಯಿತು, ಇನ್ನೊಂದು ಬಂತು. ಆಮೇಲೆ ಬುಧವಾರಕ್ಕೆ ಕಾಯುವುದೇ ಒಂದು ಅಭ್ಯಾಸವಾಯಿತು. ಮಕ್ಕಳಿಗೋ, ಬತೂಲಳಿಗೋ ಎಂದು ಕೇಳಬೇಡಿ.

ಶಾಲೆಯ ಅಂಗಳದಲ್ಲಿ ಮೊಳೆ ನೆಟ್ಟು, ದಾರ ಕಟ್ಟಿ, ಸೀಮೆಸುಣ್ಣದಲ್ಲಿ ವೃತ್ತ ಎಳೆಯುತ್ತಿದ್ದರು. ಅದನ್ನೇ ಕಾಗದದಲ್ಲಿ ಕತ್ತರಿಸಿ ಕೈಗೆ ಕೊಡುತ್ತಿದ್ದಳು ಬತೂಲ್.

“ಮಡಚಿ. ಇನ್ನೊಂದ್ಸಲ. ಮತ್ತೂ ಒಂದ್ಸಲ. ಈಗ ಬಿಚ್ಚಿ ನೋಡಿ.”

“ಎಂಟು ಪಾಲು!”

“ಒಂದು ಪಾಲಿಗೆ ಎಷ್ಟು ಡಿಗ್ರಿ ಬಂತು?” ಜವಾದ್ ಹಿಂದಿನಿಂದ ಕೇಳುತ್ತಿದ್ದ.

ಎಂದೂ ಬಾಯಿ ಬಿಡದ ಇಬ್ತಿಹಾಲ್ ಒಂದು ದಿನ ಮೊದಲ ಸಲ ಕೈ ಎತ್ತಿದಳು. “ನಲವತ್ತೈದು. ಅದಕ್ಕೇ ಎಂಟು ಚೂರು ಸೇರಿದ್ರೆ ಸುತ್ತು ಮುಗಿಯುತ್ತೆ, ಸಂದಿ ಉಳಿಯಲ್ಲ.”

ಜವಾದ್ ಬತೂಲಳ ಕಡೆ ನೋಡಿದ. ಬತೂಲ್ ದಾರ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದಳು.

ಚೂರು ಜೋಡಿಸುವ ಕೆಲಸಕ್ಕೆ ಒಂದು ವಿಚಿತ್ರ ನಿಯಮವಿದೆ. ಬಣ್ಣದ ಮುಖ ಕೆಳಗೆ, ಮಣ್ಣಿನ ಬೆನ್ನು ಮೇಲೆ. ಎಲ್ಲವನ್ನೂ ಬೋರಲಾಗಿ ಜೋಡಿಸಿ, ಬೆನ್ನಿನ ಮೇಲೆ ಗಾರೆ ಸುರಿಯಬೇಕು. ಗಾರೆ ಗಟ್ಟಿಯಾಗಿ ಫಲಕವನ್ನು ಮಗುಚುವ ತನಕ ಒಳಗೇನಿದೆ ಎಂದು ಯಾರಿಗೂ ಕಾಣದು. ಬೆನ್ನು ಎಲ್ಲಕ್ಕೂ ಒಂದೇ ಬಣ್ಣ.

“ನೋಡು, ತಿರುಗಿಸು, ಇಡು,” ಎಂದು ಬತೂಲ್ ಮಕ್ಕಳಿಂದ ಹಾಡಿನಂತೆ ಹೇಳಿಸುತ್ತಿದ್ದಳು. “ನೋಡೋದು ಬಿಟ್ರೆ ಕೆಟ್ಟಿರಿ.”

ವರ್ಷದ ಕೊನೆಗೆ ಅಂಗಳದ ನೀರಿನ ತೊಟ್ಟಿಗೆ ಮಕ್ಕಳೇ ಒಂದು ಫಲಕ ಮಾಡುವುದೆಂದಾಯಿತು. ನಡುವೆ ನಕ್ಷತ್ರ, ಸುತ್ತ ಎಂಟು ಬಿಳಿ ದಳ, ಅಂಚಿಗೆ ಕಪ್ಪು. ದಳಕ್ಕೊಂದು ಮಗು. ಚೆನ್ನಾಗಿ ಬಂದರೆ ಪಾಠ ಮುಂದುವರಿಯಲಿ ಎಂದು ಹೆಡ್‌ಮಾಸ್ಟರು ಒಪ್ಪಿದ್ದರು.

ಗಾರೆ ಸುರಿಯುವ ಸಂಜೆ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಬತೂಲ್ ಮಂಡಿಯೂರಿ ಕೊನೆಯ ಸಲ ಪರೀಕ್ಷಿಸುತ್ತಿದ್ದಳು. ಇಬ್ತಿಹಾಲಳ ದಳದಲ್ಲಿ ಒಂದು ಚೂರಿನ ಅಂಚು ಮುಕ್ಕಾಗಿತ್ತು. ಅದನ್ನು ತೆಗೆದು, ಅದೇ ಆಕಾರದ ಇನ್ನೊಂದಕ್ಕೆ, ಉಳಿದ ಚೂರುಗಳಿದ್ದ ಬುಟ್ಟಿಗೆ ಕೈ ಹಾಕಿದಳು.

“ಬತೂಲ್...”

ಮರ್ಯಾದೆಯ ‘ಲಲ್ಲಾ’ ಸೇರಿಸದೆ ಜವಾದ್ ಬರೀ ಹೆಸರು ಕರೆದದ್ದು ಅದೇ ಮೊದಲು.

“ಅಮ್ಮ ಶುಕ್ರವಾರ ನಿಮ್ಮನೆಗೆ ಬರ್ಬೇಕು ಅಂತಿದಾಳೆ. ಸಕ್ಕರೆ ಅಚ್ಚು ತಗೊಂಡು. ಬರಬಹುದಾ?”

ಹೆಣ್ಣಿನ ಮನೆಗೆ ಸಕ್ಕರೆ ಅಚ್ಚು ಹೊತ್ತು ಯಾಕೆ ಬರುತ್ತಾರೆಂದು ಫೆಸ್‌ನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬತೂಲ್ ತಲೆ ಎತ್ತಿ ಅವನ ಮುಖವನ್ನೇ ನೋಡಿದಳು. ಕೈ ಮಾತ್ರ ತನ್ನ ಪಾಡಿಗೆ ಬುಟ್ಟಿಯಿಂದ ಚೂರು ತೆಗೆದು, ಖಾಲಿ ಜಾಗದಲ್ಲಿಟ್ಟು, ಬೆರಳಿನಿಂದ ಒತ್ತಿತು.

“ಅಪ್ಪನಿಗೆ ಹೇಳಿರ್ತೀನಿ,” ಎಂದಳು.

ಇಬ್ಬರೂ ಸೇರಿ ಗಾರೆ ಸುರಿದರು.

*

ಫಲಕ ಮಗುಚುವ ದಿನ ಅಂಗಳ ತುಂಬಿತ್ತು. ತಂದೆತಾಯಂದಿರು, ಹೆಡ್‌ಮಾಸ್ಟರು, ಕಾರ್ಖಾನೆಯ ಹಿರಿಯರು ಎಲ್ಲ ಬಂದಿದ್ದರು. ಮೂಲೆಯಲ್ಲಿ ಜವಾದನ ಅಮ್ಮ ನಿಂತಿದ್ದಳು. ಅವಳ ಕಣ್ಣು ಫಲಕಕ್ಕಿಂತ ಹೆಚ್ಚಾಗಿ ಬತೂಲಳ ಮೇಲೇ ಇತ್ತು.

“ಹೆಣ್ಣುಮಕ್ಕಳಿಗೆ ಈ ಕೆಲಸ ಒಗ್ಗಲ್ಲ ಅಂತಿದ್ರಲ್ಲ, ಈಗ ನೋಡಿ,” ಎಂದು ಅಪ್ಪ ಪಕ್ಕದವರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಅಪ್ಪ ನಾಲ್ಕು ಜನರ ಮುಂದೆ ಅವಳನ್ನು ಹೊಗಳಿದ್ದು ಅದೇ ಮೊದಲು.

ನಾಲ್ವರು ಸೇರಿ ಫಲಕ ಮಗುಚಿದರು. ಧೂಳು ಒರೆಸಿದರು. ನಕ್ಷತ್ರ ಹೊಳೆಯಿತು, ಜನ ಚಪ್ಪಾಳೆ ತಟ್ಟಿದರು. ನಿಧಾನವಾಗಿ ಚಪ್ಪಾಳೆ ನಿಂತಿತು.

ಒಂದು ಬಿಳಿ ದಳದ ನಟ್ಟನಡುವೆ ಕಪ್ಪು ಚೂರೊಂದು ಕೂತಿತ್ತು.

“ಯಾರ ದಳ ಅದು?” ಹೆಡ್‌ಮಾಸ್ಟರು ಕೇಳಿದರು.

ಮಕ್ಕಳೆಲ್ಲ ಇಬ್ತಿಹಾಲಳ ಕಡೆ ತಿರುಗಿದರು.

“ನಾನು ಬಿಳಿ ಇಟ್ಟಿದ್ದೆ,” ಎಂದಳು ಹುಡುಗಿ. “ನೋಡಿ, ತಿರುಗಿಸಿ, ಇಟ್ಟಿದ್ದೆ.”

“ಹಾಗಾದ್ರೆ ಗಾರೆಯೊಳಗೆ ಅದೇ ಕಪ್ಪಾಯ್ತೇನು?” ಯಾರೋ ನಕ್ಕರು.

ಬತೂಲ್ ಫಲಕದ ಹತ್ತಿರ ಬಂದಳು. ಆ ಜಾಗ ಅವಳಿಗೆ ಗೊತ್ತಿತ್ತು. ಆ ಸಂಜೆ ಗೊತ್ತಿತ್ತು.

ಹೇಳು. ಈಗಲೇ ಹೇಳು.

ಅಪ್ಪನ ಮುಖ ನೋಡಿದಳು. ಜವಾದನ ಅಮ್ಮನ ಮುಖ ನೋಡಿದಳು. ಫಲಕದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಅವಳದ್ದಲ್ಲ, ನಂದು,” ಎಂದು ಜವಾದ್ ಮುಂದೆ ಬಂದ. “ಚೂರು ಎಣಿಸಿ ಹಂಚಿದ್ದು ನಾನು. ಕಪ್ಪು ಸೇರಿಸಿಬಿಟ್ಟಿದ್ದೆ ಅನ್ಸುತ್ತೆ.”

ಅಳುಕಿಲ್ಲದ, ಜಂಭವಿಲ್ಲದ ಅದೇ ದನಿ. ಅಂದು ಅವನು ಹೇಳಿದ್ದು ನಿಜ, ಇಂದು ಹೇಳಿದ್ದು ಸುಳ್ಳು. ಅವನನ್ನು ಬಿಟ್ಟರೆ, ಅದು ಸುಳ್ಳೆಂದು ಆ ಅಂಗಳದಲ್ಲಿ ಖಚಿತವಾಗಿ ಗೊತ್ತಿದ್ದವಳು ಬತೂಲ್ ಒಬ್ಬಳೇ. ಆದರೂ ಅವಳು ಬಾಯಿ ಬಿಡಲಿಲ್ಲ.

ಫಲಕವನ್ನು ಗೋಡೆಗೆ ಒರಗಿಸಿಟ್ಟರು. ಬುಧವಾರದ ಪಾಠ ಸದ್ಯಕ್ಕೆ ಬೇಡ ಎಂದರು ಹೆಡ್‌ಮಾಸ್ಟರು.

*

“ಅವರಿಗೆ ಶುಕ್ರವಾರ ಬರೋದು ಬೇಡ ಅಂತ ಹೇಳಿ ಕಳಿಸಿ ಅಪ್ಪ.”

“ಯಾಕಮ್ಮ?”

“ಬೇಡ ಅಷ್ಟೇ.”

ಜವಾದನ ಎದುರು ಯಾವ ಮುಖ ಇಟ್ಟುಕೊಂಡು ಕೂರುವುದು? ಅವನ ಅಮ್ಮ ಕೊಡುವ ಸಕ್ಕರೆಯನ್ನು ಯಾವ ಕೈಯಲ್ಲಿ ತೆಗೆದುಕೊಳ್ಳುವುದು? ಒಂದು ಮಾತಿನ ಕೆಲಸ. ಆ ದಿನ ಹೇಳಿದ್ದರೆ ನಾಲ್ಕು ಜನ ನಕ್ಕು ಮರೆಯುತ್ತಿದ್ದರು. ಒಂದೊಂದು ದಿನ ಕಳೆದಂತೆ ಆ ಮಾತು ಗಾರೆಯ ಹಾಗೆ ಗಟ್ಟಿಯಾಗುತ್ತ ಹೋಯಿತು.

ಅನ್ನ ನೀರು ರುಚಿಸಲಿಲ್ಲ. ಕೆಲಸಕ್ಕೆ ಕೂತರೆ ಸುತ್ತಿಗೆ ಹೆಬ್ಬೆರಳಿಗೆ ಬೀಳುತ್ತಿತ್ತು. ಪೇಟೆಯಲ್ಲಿ ಒಮ್ಮೆ ಜವಾದ್ ಎದುರಾದ. ಅವಳು ಪುದೀನ ಮಾರುವವನ ಗಾಡಿಯ ಹಿಂದೆ ಸರಿದಳು. ಅವನು ಕಂಡೂ ಕಾಣದಂತೆ ಮುಂದೆ ಹೋದ. ಆ ನಡಿಗೆಯಲ್ಲಿ ಮೊದಲಿನ ಹುರುಪಿರಲಿಲ್ಲ.

ಅವನಿಗೆ ಎಲ್ಲ ಗೊತ್ತಾಗಿದೆ... ನನ್ನ ಮುಖ ನೋಡಲೂ ಹೇಸಿಗೆ ಅವನಿಗೆ... ಎಂದುಕೊಂಡಳು ಬತೂಲ್. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ರೊಟ್ಟಿಯ ಹಲಗೆ ಹೊತ್ತು ಬೀದಿಯ ಒಲೆಮನೆಗೆ ಹೋದಳು. ಮನೆಮನೆಯ ಹಿಟ್ಟೂ ಅಲ್ಲೇ ಬೇಯುತ್ತದೆ. ಗುರುತಿಗೆಂದು ಪ್ರತಿ ಮನೆಯವರೂ ತಮ್ಮ ರೊಟ್ಟಿಗೆ ಒಂದು ಗೀರು ಹಾಕಿರುತ್ತಾರೆ. ಮೂಲೆಯಲ್ಲಿ ಇಬ್ತಿಹಾಲ್ ಬೆಂದ ರೊಟ್ಟಿಗಳ ಮುಂದೆ ಕೂತಿದ್ದಳು. ಒಂದನ್ನು ಎತ್ತಿ ನೋಡುತ್ತಿದ್ದಳು, ಮಗುಚಿ ನೋಡುತ್ತಿದ್ದಳು, ಪಕ್ಕಕ್ಕಿಟ್ಟು ಮತ್ತೆ ಅದನ್ನೇ ಎತ್ತುತ್ತಿದ್ದಳು.

“ಏನ್ ಮಾಡ್ತಿದೀಯ ಮಗಳೇ? ಬೇಗ ತಗೊಂಡು ಹೋಗು, ಆರೋಗುತ್ತೆ.”

“ನಮ್ಮನೇದು ಹೌದೋ ಅಲ್ವೋ ನೋಡ್ತಿದೀನಿ, ಲಲ್ಲಾ.”

“ಗೀರು ಇದೆಯಲ್ಲ.”

“ಇದೆ. ಆದ್ರೆ ನನ್ನ ಕಣ್ಣನ್ನ ನಂಬೋಕಾಗಲ್ಲ.” ಹುಡುಗಿ ತಲೆ ಎತ್ತಲಿಲ್ಲ. “ಅವತ್ತು ಬಿಳೀನೇ ಇಟ್ಟೆ ಅಂತ ನೆನಪು. ಎಲ್ಲರೂ ಇಲ್ಲ ಅಂದ್ರು. ಈಗ ನಂಗೂ ಹಾಗೇ ಅನ್ಸುತ್ತೆ. ಕಪ್ಪೇ ಇಟ್ಟಿದ್ದೆ ಅನ್ಸುತ್ತೆ. ಕ್ಲಾಸಲ್ಲಿ ಉತ್ತರ ಬಂದ್ರೂ ಕೈ ಎತ್ತೋಕೆ ಭಯ ಆಗುತ್ತೆ.”

ಬತೂಲ್ ತನ್ನ ರೊಟ್ಟಿಯ ಹಲಗೆಯನ್ನು ಕೆಳಗಿಟ್ಟಳು. ಮೊದಲು ಈ ಮಗುವನ್ನು ಕಳ್ಳಿ ಎಂದಿದ್ದೆ. ಈಗ ಅದರ ಕಣ್ಣನ್ನೇ ಕದ್ದುಬಿಟ್ಟೆ. ಮದುವೆ ಹಾಳಾಗಲಿ, ಮರ್ಯಾದೆ ಮಣ್ಣುಪಾಲಾಗಲಿ...

“ಏಳು,” ಎಂದಳು. “ನಡಿ ನನ್ನ ಜೊತೆ.”

*

ದಾರಿಯಲ್ಲಿ ಮೊದಲು ಕಾರ್ಖಾನೆಗೆ ಹೋದಳು. ಗೋಡೆಗೆ ನೇತುಹಾಕಿದ್ದ ಸುತ್ತಿಗೆ ತೆಗೆದುಕೊಂಡಳು.

“ಅಪ್ಪ, ಆ ಕಪ್ಪು ಚೂರು ಇಟ್ಟಿದ್ದು ನಾನು. ಮುಖ ನೋಡದೆ ಇಟ್ಟೆ. ಅವತ್ತು ಹೇಳಲಿಲ್ಲ.”

ಮಾಲೆಮ್ ಕೆಲಸ ನಿಲ್ಲಿಸಿ ಮಗಳನ್ನು ನೋಡಿದ. ಅವಳ ಪಕ್ಕದಲ್ಲಿದ್ದ ಹುಡುಗಿಯನ್ನೂ ನೋಡಿದ. ಬುಟ್ಟಿ ಕೆದಕಿ ಒಂದು ಬಿಳಿ ಚೂರು ಆರಿಸಿ ಕೊಟ್ಟ.

“ಈ ಸಲ ಮುಖ ನೋಡಿ ತಗೊಂಡು ಹೋಗು,” ಎಂದನಷ್ಟೆ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅದೇ ಶಾಲೆ, ಅದೇ ತರಗತಿಯ ಬಾಗಿಲು. ಮತ್ತೆ ಅದೇ ಹುಡುಗಿಯ ಕೈ ಅವಳ ಕೈಯಲ್ಲಿ. ಜವಾದ್ ಹಲಗೆಯಿಂದ ತಿರುಗಿದ. ಅಂಗಳದಲ್ಲಿದ್ದ ಹೆಡ್‌ಮಾಸ್ಟರೂ ಏನು ಗಲಾಟೆ ಎಂದು ಬಂದು ನಿಂತರು.

“ಉಸ್ತಾದ್, ತಪ್ಪು ಮಾಡಿದವಳನ್ನ ಕರ್ಕೊಂಡು ಬಂದಿದೀನಿ,” ಎಂದಳು. “ಇವಳಲ್ಲ. ನಾನು. ಇಬ್ತಿಹಾಲ್ ಇಟ್ಟಿದ್ದು ಬಿಳಿ. ಅದರ ಅಂಚು ಮುಕ್ಕಾಗಿತ್ತು ಅಂತ ನಾನೇ ತೆಗೆದು ಬೇರೆ ಇಟ್ಟೆ. ನಿಮಗೆಲ್ಲ ‘ನೋಡು’ ಅಂತ ಹೇಳ್ಕೊಟ್ಟೋಳು, ನಾನೇ ನೋಡಲಿಲ್ಲ. ಆಮೇಲೆ ಎಲ್ಲರೂ ಇವಳನ್ನ ನೋಡ್ತಿದ್ದಾಗ ಬಾಯಿ ಮುಚ್ಕೊಂಡು ನಿಂತಿದ್ದೆ.”

ಮಂಡಿಯೂರಿ ಹುಡುಗಿಯ ಎದುರು ಕೂತಳು. “ನಿನ್ನ ಕಣ್ಣು ಸರಿಯಾಗಿದೆ ಕಂದ. ಸರಿಯಿಲ್ಲದೆ ಇದ್ದಿದ್ದು ನನ್ನ ಬಾಯಿ. ಕ್ಷಮಿಸ್ತೀಯಾ?”

ಇಬ್ತಿಹಾಲ್ ಇಡೀ ತರಗತಿಯ ಕಡೆ ತಿರುಗಿ, ಜೋರಾಗಿ ಹೇಳಿದಳು: “ನಾನು ಬಿಳೀನೇ ಇಟ್ಟಿದ್ದೆ.”

“ಹೌದು,” ಎಂದ ಜವಾದ್. ಅವನೂ ಬಂದು ಪಕ್ಕದಲ್ಲಿ ಕೂತಿದ್ದ. “ನಾನೂ ನಿನ್ನನ್ನ ನಂಬಿರಲಿಲ್ಲ ಇಬ್ತಿಹಾಲ್. ನಿನ್ನ ತಪ್ಪನ್ನ ನನ್ನ ಮೇಲೆ ಹಾಕ್ಕೊಂಡು ದೊಡ್ಡ ಮನುಷ್ಯ ಆದೆ ಅಂದ್ಕೊಂಡಿದ್ದೆ. ನಿನ್ನನ್ನ ಒಂದು ಮಾತು ಕೇಳಲೂ ಇಲ್ಲ. ನನ್ನನ್ನೂ ಕ್ಷಮಿಸು.”

“ಇಬ್ರನ್ನೂ ಒಟ್ಟಿಗೇ ಕ್ಷಮಿಸಿದ್ರೆ ಆಗುತ್ತಾ?” ಎಂದಳು ಹುಡುಗಿ. ಹೆಡ್‌ಮಾಸ್ಟರಿಗೂ ನಗು ತಡೆಯಲಾಗಲಿಲ್ಲ.

ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ ಫಲಕದ ಮುಂದೆ ಬಂದು, ಸುತ್ತಿಗೆಯನ್ನು ಬತೂಲ್ ಅವಳ ಕೈಗೇ ಕೊಟ್ಟಳು. ಮಕ್ಕಳೆಲ್ಲ ಸುತ್ತ ನೆರೆದರು. ಇಬ್ತಿಹಾಲ್ ಮೆಲ್ಲಗೆ ಕುಟ್ಟಿ ಕಪ್ಪು ಚೂರನ್ನು ಬಿಡಿಸಿದಳು. ಬಿಳಿ ಚೂರನ್ನು ಎತ್ತಿ ಒಂದೇ ಸಲ ನೋಡಿದಳು. ಬೆನ್ನಿಗೆ ಹಸಿ ಗಾರೆ ಹಚ್ಚಿ, ಮತ್ತೆ ಮಗುಚಿ ನೋಡದೆ ಜಾಗದಲ್ಲಿಟ್ಟು ಒತ್ತಿದಳು.

“ಬುಧವಾರ ದಾರ, ಮೊಳೆ ತೆಗೆದಿಡಿ ಉಸ್ತಾದ್,” ಎಂದು ಹೆಡ್‌ಮಾಸ್ಟರು ಹೊರಟುಹೋದರು.

ಮಕ್ಕಳು ಒಳಗೆ ಓಡಿದ ಮೇಲೆ ಅಂಗಳದಲ್ಲಿ ಇಬ್ಬರೇ ಉಳಿದರು. ಜವಾದನ ಅಂಗೈಯಲ್ಲಿ ಆ ಕಪ್ಪು ಚೂರಿತ್ತು.

“ಅಮ್ಮ ಬರೋದು ಬೇಡ ಅಂದಿದ್ದು... ಇದಕ್ಕಾ?”

“ಮತ್ತೆ ನೀವೇನ್ ಅಂದ್ಕೊಂಡ್ರಿ?”

“ಚೂರು ಎಣಿಸೋಕೂ ಬಾರದವನು ಮನೆ ಏನ್ ನಡೆಸ್ತಾನೆ ಅಂತ ನಿಮಗೆ ಅನ್ಸಿರಬೇಕು ಅಂದ್ಕೊಂಡೆ.” ಅವನು ನಗಲು ನೋಡಿದ, ಆಗಲಿಲ್ಲ. “ನೋವಾಯ್ತು ಬತೂಲ್. ಬಂದು ಹೇಳಬಹುದಿತ್ತು.”

“ನಿಮ್ಮ ಸುಳ್ಳಿನ ಹಿಂದೆ ಬಚ್ಚಿಟ್ಕೊಂಡು ನಿಂತಿದ್ದೆ. ಅಲ್ಲಿಂದ ಹೊರಗೆ ಬರೋಕೆ ಧೈರ್ಯ ಆಗಲಿಲ್ಲ.” ಅವಳ ಕಣ್ಣು ತುಂಬಿ ಬಂತು. “ಈಗ ನೀವು ಬೇಡ ಅಂದ್ರೂ ಸರಿಯೇ. ನಿಮ್ಮನ್ನ ಇಷ್ಟಪಟ್ಟಿದ್ದು ಮಾತ್ರ ಸುಳ್ಳಲ್ಲ. ಅದನ್ನೂ ಹೇಳದೆ ಹೋದ್ರೆ ಇನ್ನೊಂದು ತಪ್ಪಾಗುತ್ತೆ.”

ಜವಾದ್ ಕಪ್ಪು ಚೂರನ್ನು ಬೆರಳಿನಲ್ಲಿ ತಿರುಗಿಸುತ್ತ ಕೇಳಿದ:

“ಹತ್ತು ಸಲ ನೋಡಿ ಇಡೋ ಕೈ ನಿಮ್ಮದು. ಅವತ್ತು ಹೇಗೆ ತಪ್ತು?”

ಬತೂಲ್ ಕೆನ್ನೆ ಒರೆಸಿಕೊಂಡಳು. “ಚೂರು ಕೈಯಲ್ಲಿದ್ದಾಗಲೇ ಅಲ್ವಾ ನೀವು ಅಮ್ಮನ ವಿಷಯ ತೆಗೆದದ್ದು?”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಚೂರನ್ನು ಎದೆಯ ಮೇಲಿನ ಜೇಬಿಗೆ ಹಾಕಿಕೊಂಡ.

“ಹಾಗಾದ್ರೆ ಶುಕ್ರವಾರ ಅಮ್ಮ ಬರಬಹುದಾ?”

“ಬರ್ಲಿ,” ಎಂದಳು ಬತೂಲ್. “ಆದ್ರೆ ಇನ್ಮೇಲೆ ಇಂಥ ಮಾತು ಹೇಳೋ ಮುಂಚೆ, ನನ್ನ ಕೈ ಖಾಲಿ ಇದೆಯಾ ಅಂತ ನೋಡ್ಕೊಳ್ಳಿ.”

ಜವಾದ್ ಅವಳ ಎರಡೂ ಕೈಗಳನ್ನು ನೋಡಿದ.

“ಈಗ ಖಾಲಿ ಇದೆ,” ಎಂದು ಹಿಡಿದುಕೊಂಡ.