ಕಾಫಿ ಸಿಪ್ಪೆಯ ನೀಲಿ ಉರಿ

ಸಿದ್ದಾಜಮ್ಮ ಹಳ್ಳದ ನೀರಿಗೆ ಕೊಡ ಅದ್ದಿದವಳು ಅದನ್ನು ತುಂಬಿಸದೆ ಹಾಗೇ ಮೇಲೆತ್ತಿಬಿಟ್ಟಳು.

ನೀರಿನ ಮೇಲೆ ಕಂದು ನೊರೆ ತೇಲಿ ಬರುತ್ತಿತ್ತು. ನೊರೆಯ ಜೊತೆಗೆ ಕೊಳೆತ ಕಾಫಿ ಹಣ್ಣಿನ ಸಿಪ್ಪೆ, ಸಿಪ್ಪೆಗೆ ಅಂಟಿಕೊಂಡು ಮಿಜಿಗುಡುವ ಬಿಳಿ ಹುಳು... ಅವಳು ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಹಳ್ಳದ ಮೇಲ್ಗಡೆ ನೋಡಿದಳು.

ಅಲ್ಲೊಬ್ಬ ಗಂಡಸು ನೀರಿಗಿಳಿದು ಕಾಲು ತೊಳೆಯುತ್ತಿದ್ದ. ತೊಡೆಯವರೆಗೂ ಆ ಕೊಳೆಯೇ ಮೆತ್ತಿತ್ತು. ಅವನು ಉಜ್ಜಿದಂತೆಲ್ಲ ಅದು ಗಟ್ಟಿ ಗಟ್ಟಿಯಾಗಿ ಕಳಚಿ, ಅವಳ ಕೊಡದ ಕಡೆಗೇ ಹರಿದು ಬರುತ್ತಿತ್ತು.

ಅವಳು ಬಾಯಿಗೆ ಬಂದಂತೆ ಬೈದಳು. ಅವನು ಬೆಚ್ಚಿ ದಡಕ್ಕೆ ಹಾರಿ, ತಪ್ಪಾಯಿತೆಂದು ಕೈ ಮುಗಿದ. ತಾನು ಮೇಲಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಯಂತ್ರದ ಫಿಟರ್, ಹೆಸರು ಮಾದಯ್ಯ, ಗುಂಡ್ಲುಪೇಟೆ ಕಡೆಯವನು ಎಂದು ಹೇಳಿಕೊಂಡ. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು.

"ನಿಮ್ಮ ಕೊಟ್ಟಿಗೇಲಿ ಹಸು ಅವಂತೆ. ಒಸಿ ಸಗಣಿ ಬೇಕಿತ್ತು," ಎಂದ.

ಸಿದ್ದಾಜಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. 'ಮೈಗೆಲ್ಲ ಇಷ್ಟು ಮೆತ್ತಿಕೊಂಡಿದ್ದು ಸಾಲದಾ ಇವನಿಗೆ...'

ಆ ದಿನ ಅವಳಿಗೆ ಅನ್ನ ಸೇರಲಿಲ್ಲ.

ಆಗಿನ್ನೂ ಸಾವಿರದ ಒಂಬೈನೂರ ಮೂವತ್ತರ ದಶಕ ಶುರುವಾಗಿತ್ತಷ್ಟೆ. ನೀಲಗಿರಿಯ ಗೂಡಲೂರು ಪೇಟೆ ದಾಟಿದರೆ, ಗಾಡಿ ರಸ್ತೆಯ ಪಕ್ಕದಲ್ಲಿ ಚನ್ನಾಜಮ್ಮನ ಊಟದ ಮನೆ. ಗಂಡ ಸತ್ತ ಮೇಲೆ ಚನ್ನಾಜಮ್ಮ ಮೈಸೂರು ಸೀಮೆಯಿಂದ ಬಂದು ಇಲ್ಲಿ ಒಲೆ ಹೂಡಿದ್ದಳು. ಮಗಳು ಸಿದ್ದಾಜಮ್ಮನೂ ಮದುವೆಯಾದ ಎರಡನೇ ವರ್ಷಕ್ಕೇ ವಿಧವೆಯಾಗಿ ತಾಯಿಯ ಬಳಿ ಸೇರಿಕೊಂಡಳು. ಅವಳ ಗಂಡನನ್ನು ವಾಂತಿಭೇದಿ ತೆಗೆದುಕೊಂಡು ಹೋಗಿತ್ತು. ಅದೂ ಕಾಫಿ ಕೊಯ್ಲಿನ ಕಾಲದಲ್ಲಿ, ಇದೇ ಹಳ್ಳದ ಕೆಳಗಿನ ಊರಿನಲ್ಲಿ, ನೀರು ಹೀಗೇ ಕಪ್ಪಾಗಿ ಹರಿಯುತ್ತಿದ್ದಾಗ. ನೀರಿನಿಂದಲೇ ಬಂದಿದ್ದೆಂದು ಆಸ್ಪತ್ರೆಯವರು ಹೇಳಿದ್ದರು. ಅಂದಿನಿಂದ ಆ ಸಿಪ್ಪೆಯ ನಾತ ಬಂದರೆ ಸಾಕು, ಅವಳಿಗೆ ಗಂಡನ ಕೊನೆಯ ದಿನದ ಹಾಸಿಗೆ ಕಣ್ಣಿಗೆ ಕಟ್ಟುತ್ತಿತ್ತು.

ಅಂಥ ನಾತವನ್ನು ಮಾದಯ್ಯ ಅವಳ ಮನೆಯ ಹಿತ್ತಲಿಗೇ ತಂದ.

ಅವನು ಮೊದಲು ಒಪ್ಪಿಸಿದ್ದು ಚನ್ನಾಜಮ್ಮನನ್ನು. ಹಳೆಯ ಸಿಪ್ಪೆ ಗುಂಡಿಯೊಂದರ ಬಳಿ ಯಾರೋ ಬೀಡಿ ಹಚ್ಚಿ ಕಡ್ಡಿ ಎಸೆದರಂತೆ. ಗುಂಡಿಯ ಗುಳ್ಳೆಗಳ ಮೇಲೆ ನೀಲಿ ಉರಿಯೊಂದು ಓಡಿ ಹೋಯಿತಂತೆ. ಅದನ್ನು ಕಂಡ ದಿನದಿಂದ ಅವನಿಗೆ ನಿದ್ದೆಯಿಲ್ಲ. ಸಿಪ್ಪೆಯನ್ನೂ ಸಗಣಿಯನ್ನೂ ಕಲಸಿ ಗುಂಡಿಗೆ ತುಂಬಿ, ಮೇಲೆ ಕಬ್ಬಿಣದ ತೊಟ್ಟಿ ಬೋರಲು ಹಾಕಿದರೆ ಉರಿಯುವ ಗಾಳಿ ಅದರೊಳಗೆ ಸೇರುತ್ತದೆ, ಕೊಳವೆಯಲ್ಲಿ ಒಲೆಗೆ ತರಬಹುದು, ಹೊಗೆಯೇ ಇರುವುದಿಲ್ಲ ಎಂದ. ಹಸಿ ಸೌದೆಯ ಹೊಗೆಗೆ ಚನ್ನಾಜಮ್ಮನ ಕಣ್ಣು ಅರ್ಧ ಹೋಗಿತ್ತು. ಅವಳು ಹೂಂ ಅಂದಳು.

ಸಿದ್ದಾಜಮ್ಮ ಮಾತ್ರ, ಆ ಕೊಳಕಿನ ಗಾಳಿಯಲ್ಲಿ ಬೆಂದ ಅನ್ನವನ್ನು ನಾಯಿಯೂ ಮೂಸುವುದಿಲ್ಲ ಎಂದಳು.

ಮಾದಯ್ಯ ನಕ್ಕ. "ಮೇಲಿನ ಸಿಪ್ಪೆಯೆಲ್ಲ ಇನ್ನು ಗುಂಡಿಗೇ ಬತ್ತದೆ. ಹಳ್ಳಕ್ಕೆ ಒಂದು ಸಿಪ್ಪೆ ಬಿದ್ರೂ ನನ್ನ ಕೇಳಿ," ಎಂದ.

ಎಸ್ಟೇಟಿನ ಒಡೆಯನಾದ ಇಂಗ್ಲಿಷ್ ದೊರೆಯ ಅಪ್ಪಣೆ ಪಡೆದು ಅಲ್ಲಿನ ಇಳಿಜಾರಿನಲ್ಲೂ ಗುಂಡಿಗಳನ್ನು ತೋಡಿಸಿದ. ಅಲ್ಲಿಂದ ದಿನವೂ ಒಂದಿಷ್ಟನ್ನು ಹೊತ್ತು ತಂದು ಹಿತ್ತಲಿನ ಗುಂಡಿಗೆ ಹಾಕುತ್ತಿದ್ದ. ಬಿಸಾಡಿದ್ದ ಹಳೆಯ ಕಬ್ಬಿಣದ ತೊಟ್ಟಿಯೊಂದನ್ನು ಗಾಡಿಯಲ್ಲಿ ತಂದು ಅದರ ಮೇಲೆ ಬೋರಲು ಹಾಕಿದ.

ಆಮೇಲಿನ ದಿನಗಳು ಸಿದ್ದಾಜಮ್ಮನ ಪಾಲಿಗೆ ನರಕ. ನಾತ ಅವಳ ಕೂದಲಿಗೆ ಹತ್ತಿತು, ಒಣಗಿದ ಸೀರೆಗೆ ಹತ್ತಿತು, ಕೊನೆಗೆ ಮಜ್ಜಿಗೆ ಕುಡಿದರೂ ಅದೇ ನಾತ ಅನ್ನಿಸತೊಡಗಿತು. ನೊಣಗಳು ಮುಸುರೆ ಬಿಟ್ಟು ಗುಂಡಿಗೆ ಮುತ್ತಿದವು. ಮಾದಯ್ಯ ಮಾತ್ರ ಮೊಣಕೈವರೆಗೆ ಕೈ ಇಳಿಸಿ, ರಾಗಿ ಹಿಟ್ಟು ನಾದುವವನಂತೆ ಆ ಕೊಳೆಯನ್ನು ನಾದುತ್ತಿದ್ದ. ಅವನಿಗೆ ಊಟ ಬಡಿಸುವಾಗ ಅವಳು ಆ ಕೈಯನ್ನು ನೋಡದಂತೆ ಮುಖ ತಿರುಗಿಸುತ್ತಿದ್ದಳು.

ಆದರೂ ಒಂದು ಸಂಗತಿ ಅವಳ ಗಮನಕ್ಕೆ ಬಾರದೆ ಇರಲಿಲ್ಲ. ಹಳ್ಳ ತಿಳಿಯಾಗುತ್ತಿತ್ತು. ತಳದ ಕಲ್ಲು ಕಾಣುತ್ತಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಒಳಗೆ ಗಾಳಿ ತುಂಬಿ ತೊಟ್ಟಿಯೇನೋ ಮೇಲಕ್ಕೆ ಎದ್ದಿತು, ಆದರೆ ಆ ಗಾಳಿ ಉರಿಯಲಿಲ್ಲ. ಮಾದಯ್ಯ ಕೊಳವೆಯ ಬಾಯಿಗೆ ಬೆಂಕಿ ಹಿಡಿದಾಗಲೆಲ್ಲ ಕಡ್ಡಿ ಆರಿ ಕೊಳೆತ ಮೊಟ್ಟೆಯ ನಾತವಷ್ಟೇ ಮನೆ ತುಂಬುತ್ತಿತ್ತು. ಊಟಕ್ಕೆ ಕೂತವರು ಎದ್ದು ಹೋದರು. ಅವನು ಸಗಣಿ ಹೆಚ್ಚು ಮಾಡಿ ನೋಡಿದ, ನೀರು ಕಡಿಮೆ ಮಾಡಿ ನೋಡಿದ. ದಿನದಿಂದ ದಿನಕ್ಕೆ ಅವನ ನಗು ಕಡಿಮೆಯಾಯಿತು.

ಒಂದು ಮಧ್ಯಾಹ್ನ ಅವನು ಗುಂಡಿಯ ಅಂಚಿನಲ್ಲಿ ತಲೆ ಹೊತ್ತು ಕೂತಿದ್ದ. ಸಿದ್ದಾಜಮ್ಮ ಬೈಯಲೆಂದೇ ಹತ್ತಿರ ಹೋದಳು. ಹೋದವಳ ಮೂಗು ಇದ್ದಕ್ಕಿದ್ದಂತೆ ಅರಳಿತು. ನಾತದ ಒಳಗೆ ಇನ್ನೊಂದು ನಾತವಿತ್ತು. ಹಿಟ್ಟು ಕೆಟ್ಟು ಹೋದಾಗ ಬರುವಂಥದ್ದು.

"ಇದು ಹುಳಿ ಹೊಡೆದದೆ," ಎಂದಳು.

ಸಿಪ್ಪೆ ಸಿಹಿ, ಸಿಹಿ ಕೆಟ್ಟರೆ ಹುಳಿಯಾಗುತ್ತದೆ... ಹುಳಿ ಹಿಡಿದ ಪಾತ್ರೆಗೆ ಅವಳು ದಿನವೂ ಹಾಕಿ ಉಜ್ಜುತ್ತಿದ್ದುದು ಒಲೆಯ ಬೂದಿ. ಮತ್ತೇನೂ ಯೋಚಿಸದೆ ಒಂದು ಮೊರ ಬೂದಿ ತಂದು ಗುಂಡಿಗೆ ಸುರಿದಳು. ಮಾದಯ್ಯ ಅವಳನ್ನೇ ನೋಡಿದ. ಆಮೇಲೆ ಇಬ್ಬರೂ ಸೇರಿ ಕಲಸಿದರು. ಕೊಳೆಯೊಳಗೆ ಅವನ ಬೆರಳು ಅವಳ ಬೆರಳಿಗೆ ತಾಕಿತು.

ಅವಳು ಕೈ ಎಳೆದುಕೊಳ್ಳಲಿಲ್ಲ. ಯಾಕೆ ಎಳೆದುಕೊಳ್ಳಲಿಲ್ಲ ಅನ್ನುವುದು ಆಮೇಲೆ ಸೀಗೆಪುಡಿ ಹಾಕಿ ಕೈ ಉಜ್ಜುವಾಗಲೂ ಅವಳಿಗೆ ತಿಳಿಯಲಿಲ್ಲ. ಉಜ್ಜಿ ಉಜ್ಜಿ ಕೈ ಕೆಂಪಾಯಿತು, ಮುಖವೂ.

ದಿನವೂ ಸಗಣಿ, ಬೂದಿ ಬೀಳುತ್ತ ಹೋಗಿ, ಕೆಲವು ವಾರಗಳ ಮೇಲೆ ಅಡುಗೆಮನೆಯಲ್ಲಿ ನೀಲಿ ಉರಿ ಹತ್ತಿತು. ಸದ್ದಿಲ್ಲ, ಹೊಗೆಯಿಲ್ಲ, ಕೊಳೆತ ವಾಸನೆಯೂ ಇಲ್ಲ. ಚನ್ನಾಜಮ್ಮ ಉರಿಯ ಹತ್ತಿರ ಮುಖ ತಂದು, ಕಣ್ಣಲ್ಲಿ ನೀರು ಬರುತ್ತಿಲ್ಲವೆಂದು ಮತ್ತೆ ಮತ್ತೆ ಹೇಳಿದಳು. ಹೇಳುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಸಿದ್ದಾಜಮ್ಮ ಪಾತ್ರೆಗಳ ಮರೆಯಿಂದ ಮಾದಯ್ಯನ ಮುಖ ನೋಡಿದಳು. ಅವನು ಉರಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಹಳ್ಳ ಮತ್ತೆ ಕಪ್ಪಾಗಿತ್ತು, ಎಂದೂ ಇಲ್ಲದಷ್ಟು. ಸತ್ತ ಮೀನುಗಳು ಹೊಟ್ಟೆ ಮೇಲಾಗಿ ತೇಲಿ ಬಂದವು. ಮುಂಜಾವಿನ ಮಬ್ಬಿನಲ್ಲಿ ಗೊತ್ತಾಗದೆ ಆ ನೀರನ್ನೇ ಕುಡಿದಿದ್ದ ಚನ್ನಾಜಮ್ಮ ಮಧ್ಯಾಹ್ನದ ಹೊತ್ತಿಗೆ ಕಕ್ಕಿಕೊಳ್ಳತೊಡಗಿದಳು. ಸಿದ್ದಾಜಮ್ಮ ತಾಯಿಯ ವಾಂತಿ ಬಳಿದು ಹಾಕಿದಳು. ಅದೇ ಬಣ್ಣ. ಅದೇ ವಾಸನೆ. ಗಂಡನ ಹಾಸಿಗೆ...

ಫಿಟರನ ಗುಂಡಿ ಒಡೆದು ಎಲ್ಲ ಹಳ್ಳಕ್ಕೆ ಬಂದಿದೆಯೆಂದು ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಗೋಪಾಲನ್ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮಾದಯ್ಯನ ಸುಳಿವಿಲ್ಲ. ಒಂದು ದಿನ ಕಳೆಯಿತು, ಮತ್ತೊಂದು ದಿನವೂ ಕಳೆಯಿತು. ಮೂರನೆಯ ದಿನ ಅವನು ಬಂದಾಗ ಊಟದ ಮನೆ ತುಂಬ ಗಾಡಿಯವರಿದ್ದರು.

"ಸಿದ್ದಾಜಮ್ಮನೋರೆ... ನನ್ನಿಂದ ತಡಿಯಕ್ಕಾಗ್ನಿಲ್ಲ," ಎಂದ. ಅವನ ಮುಖ ಬಾಡಿತ್ತು, ಕಾಲು ಧೂಳಾಗಿತ್ತು.

ಗುಂಡಿಯನ್ನು ತಡೆದು ನಿಲ್ಲಿಸಲಾಗಲಿಲ್ಲ ಎನ್ನುತ್ತಿದ್ದಾನೆಂದೇ ಅವಳು ತಿಳಿದಳು. ಅವಳೊಳಗೆ ಕಟ್ಟಿಕೊಂಡಿದ್ದುದೆಲ್ಲ ಹೊರಗೆ ಬಂತು.

"ನನ್ನ ಗಂಡನ್ನ ತಿಂದ ನೀರು ಇವತ್ತು ನಮ್ಮವ್ವನ್ನೂ ತಿಂತಾ ಅದೆ. ನಿಮ್ಮ ಮಾತ ನಂಬಿ ಆ ಹೊಲಸಿಗೆ ಕೈ ಹಾಕ್ದೆ ನಾನು. ನಿಮ್ಮ ಮುಖ ನೋಡಿದ್ರೇ ವಾಕರಿಕೆ ಬತ್ತದೆ. ಹೋಗಿ."

ಗಾಡಿಯವರು ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದರು. ಮಾದಯ್ಯ ಏನೋ ಹೇಳಲು ಬಾಯಿ ತೆರೆದ. ಒಳಗಿನಿಂದ ಚನ್ನಾಜಮ್ಮ ನರಳುವುದು ಕೇಳಿಸಿತು. ಅವನು ಬಾಯಿ ಮುಚ್ಚಿಕೊಂಡು ಹೊರಟುಹೋದ.

ಚನ್ನಾಜಮ್ಮ ಗಂಜಿ ಕುಡಿಯುವಷ್ಟು ಚೇತರಿಸಿಕೊಂಡ ಮೇಲೂ ಹಳ್ಳ ಕಪ್ಪಾಗಿಯೇ ಹರಿಯಿತು. ಒಡೆದ ಗುಂಡಿ ಇಷ್ಟು ಹೊತ್ತಿಗೆ ಬರಿದಾಗಬೇಕಿತ್ತಲ್ಲ... ಸಿದ್ದಾಜಮ್ಮನ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳು ಹಳ್ಳದ ಗುಂಟ ಮೇಲಕ್ಕೆ ನಡೆದಳು.

ಮಾದಯ್ಯನ ಗುಂಡಿಗಳು ಒಡೆದಿರಲಿಲ್ಲ. ಒಣಗಿ ಬಿರುಕು ಬಿಟ್ಟಿದ್ದವು. ಅವುಗಳನ್ನು ದಾಟಿ, ಯಂತ್ರದ ಮನೆಯ ಹಿಂದಿನ, ಮರದ ಕಾಲುವೆಯಂಥ ದೋಣಿಯಿಂದ ಸಿಪ್ಪೆಯ ರಾಡಿ ಧೊಪಧೊಪನೆ ನೇರವಾಗಿ ಹಳ್ಳಕ್ಕೇ ಬೀಳುತ್ತಿತ್ತು.

ಅಲ್ಲಿ ಹಣ್ಣು ಆರಿಸುತ್ತಿದ್ದ ಅಮ್ಮಣಿ ಎಂಬ ಹೆಂಗಸು ನಡೆದುದನ್ನೆಲ್ಲ ಹೇಳಿದಳು. ಈ ಸಲ ಫಸಲು ಹೆಚ್ಚು. ಸಿಪ್ಪೆಯನ್ನು ಗುಂಡಿಗೆ ಹೊರುತ್ತ ಕೂತರೆ ಕೆಲಸ ಮುಗಿಯುವುದಿಲ್ಲವೆಂದು ಗೋಪಾಲನ್ ಹಳೆಯ ದೋಣಿಯನ್ನು ತೆರೆಸಿದ. ಫಿಟರ್ ಯಂತ್ರ ತಿರುಗಿಸುವ ಚರ್ಮದ ಪಟ್ಟಿಯನ್ನೇ ಕಿತ್ತು ಹಿಡಿದು, ದೋಣಿ ಮುಚ್ಚದಿದ್ದರೆ ಯಂತ್ರ ಓಡದು ಎಂದು ಕೂತ. ಗೋಪಾಲನ್ ಅವನನ್ನು ಅಲ್ಲೇ ಕೆಲಸದಿಂದ ತೆಗೆದ. ದೊರೆ ಊಟಿಯಲ್ಲಿದ್ದುದರಿಂದ ಫಿಟರ್ ಘಾಟಿ ಹತ್ತಿ ಅಲ್ಲಿಯವರೆಗೂ ನಡೆದುಹೋದ. ದೊರೆಯ ಬಂಗಲೆಯ ಗೇಟು ತೆರೆಯಲಿಲ್ಲ.

'ತಡಿಯಕ್ಕಾಗ್ನಿಲ್ಲ...' ಅವನು ಹೇಳಿದ್ದು ಇದನ್ನು.

ಸಿದ್ದಾಜಮ್ಮ ಬದಿಯ ಪೊದೆಗೆ ಬಾಗಿ ವಾಂತಿ ಮಾಡಿಕೊಂಡಳು. ಅದು ಸಿಪ್ಪೆಯ ನಾತಕ್ಕೆ ಬಂದ ವಾಂತಿಯಲ್ಲ. ತನ್ನ ನಾಲಿಗೆಯ ಮೇಲೇ ಹೇಸಿಗೆ ಹುಟ್ಟಿತ್ತು ಅವಳಿಗೆ.

ಸಂತೆಯ ದಿನ ಗೋಪಾಲನ್ ಎಂದಿನಂತೆ ಊಟಕ್ಕೆ ಬಂದ. ಕಾಫಿ ಮೂಟೆ ಸಾಗಿಸುವ ಗಾಡಿಯವರೂ ಸಾಲಾಗಿ ಕೂತಿದ್ದರು. ಸಿದ್ದಾಜಮ್ಮ ಎಲ್ಲರಿಗೂ ಅನ್ನ ಬಡಿಸಿ, ಗೋಪಾಲನ್‌ನ ಎಲೆಯ ಪಕ್ಕಕ್ಕೆ ಥಳಥಳ ಹೊಳೆಯುವ ಹಿತ್ತಾಳೆ ಲೋಟ ಇಟ್ಟಳು. ಅವನು ಬಾಯಿಯ ಹತ್ತಿರ ತಂದವನು ಮುಖ ಕಿವಿಚಿ ಕೆಳಗಿಟ್ಟ.

"ಎಂದಾ ಇದು?" ಏನಿದು ಎಂದು ತನ್ನ ಮಲಯಾಳದಲ್ಲೇ ಕೇಳಿದ.

"ನೀರು. ನಿಮ್ಮ ದೋಣಿಯಿಂದ ಬಂದಿದ್ದು. ಗುಂಡಿ ಒಡೆದದೆ ಅಂದ್ರಲ್ಲ, ಎಲ್ಲಿ ಒಡೆದದೆ ಅಂತ ನಾನು ನೋಡ್ಕೊಂಡು ಬಂದೆ. ನಮ್ಮವ್ವ ಕುಡಿದವ್ಳೆ ಇದನ್ನ. ನೀವೂ ಒಂದು ಗುಟುಕು ಕುಡೀರಿ."

ಗೋಪಾಲನ್ ನಗಲು ನೋಡಿದ. ಯಾರೂ ನಗಲಿಲ್ಲ. ಊಟಿ ಬಳಿಯ ಕೆತ್ತಿ ಊರಿನ ಹಾಲನ್ ಎಂಬ ಮುದುಕ ಗಾಡಿಯವನು ಕೈ ಚಾಚಿ ಆ ಲೋಟ ತೆಗೆದುಕೊಂಡ. ಒಳಗೆ ಹುಳು ಹೊರಳುತ್ತಿತ್ತು. ತನ್ನ ಎತ್ತುಗಳು ಎರಡು ವಾರದಿಂದ ಹಳ್ಳ ದಾಟುವ ಕಡವಿನಲ್ಲಿ ನೀರು ಮುಟ್ಟದೆ ಯಾಕೆ ಸೊರಗುತ್ತಿವೆ ಎಂದು ಈಗ ತಿಳಿಯಿತೆಂದ. ಲೋಟವನ್ನು ಮೆಲ್ಲಗೆ ಗೋಪಾಲನ್‌ನ ಎಲೆಯ ಮುಂದಕ್ಕೇ ಇಟ್ಟು ಎದ್ದ. ದೋಣಿ ಮುಚ್ಚುವವರೆಗೂ ತನ್ನ ಗಾಡಿಗೆ ಮೂಟೆ ಏರುವುದಿಲ್ಲ ಎಂದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಗೋಪಾಲನ್ ಕೈ ತೊಳೆಯಲು ಹೊರಗೆ ಹೋದ. ಅವನು ಓಕರಿಸುವ ಸದ್ದು ಒಳಗಿನವರಿಗೂ ಕೇಳಿಸಿತು.

ಮೂಟೆಗಳು ಅಂಗಳದಲ್ಲೇ ಉಳಿದವು. ವಾರ ಮುಗಿಯುವುದರೊಳಗೆ ದೋಣಿಗೆ ಹಲಗೆ ಬಿತ್ತು, ಸಿಪ್ಪೆ ಮತ್ತೆ ಗುಂಡಿಯ ದಾರಿ ಹಿಡಿಯಿತು. ಆದರೆ ಗುಂಡಿ ನೋಡಿಕೊಳ್ಳುವವನೇ ಇರಲಿಲ್ಲ. ಹಿತ್ತಲಿನ ತೊಟ್ಟಿ ಕೆಳಗಿಳಿದು ಉರಿ ಸಣ್ಣದಾಗುತ್ತ ಬಂದಾಗ ಸಿದ್ದಾಜಮ್ಮ ಸೀರೆ ಎತ್ತಿ ಕಟ್ಟಿ, ತಾನೇ ಸಗಣಿ ಸಿಪ್ಪೆ ಕಲಸಿ ಸುರಿಯತೊಡಗಿದಳು.

ಮಾದಯ್ಯ ಮಸಿನಗುಡಿಯಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವ ಕುಲುಮೆ ಸೇರಿದ್ದಾನೆಂದು ಹಾಲನ್‌ನೇ ಸುದ್ದಿ ತಂದ. ಯಾವಾಗ ಹೋಗುತ್ತೀಯೆಂದು ಚನ್ನಾಜಮ್ಮ ಮಗಳನ್ನು ಕೇಳಿದಳು. ನಾಳೆಯೇ ಎಂದಳು ಸಿದ್ದಾಜಮ್ಮ.

ಅವಳು ಹಾಲನ್‌ನ ಗಾಡಿಯಿಂದ ಇಳಿದಾಗ ಮಾದಯ್ಯ ಕಾದ ಕಬ್ಬಿಣ ಬಡಿಯುತ್ತಿದ್ದ. ಅವಳನ್ನು ಕಂಡು ಸುತ್ತಿಗೆ ಕೆಳಗಿಟ್ಟ. ಮೊದಲು ಕೇಳಿದ್ದು ಅವ್ವ ಹೇಗಿದ್ದಾರೆಂದು. ಅವ್ವ ಎದ್ದು ಓಡಾಡುತ್ತಿದ್ದಾಳೆಂದು ಅವಳು ಹೇಳಿದಳು. ಹಳ್ಳ ತಿಳಿಯಾದದ್ದನ್ನೂ ಹೇಳಿದಳು.

"ಗುಂಡಿಗೆ ಯಾರು ಹಾಕ್ತಾವ್ರೆ?" ಎಂದು ಅವನು ಕೇಳಿದ.

"ನಾನೇ."

ಅವನ ಕಣ್ಣು ಅವಳ ಕೈಗೆ ಹೋಯಿತು. ಉಗುರಿನ ಸಂದಿಯಲ್ಲೆಲ್ಲ ಕಂದು ಕಲೆ.

"ಹೇಸಿಗೆ ಆಗ್ನಿಲ್ವಾ?"

"ಆಯ್ತು. ಕಕ್ಕೊಂಡೆ. ಬಾಯಿ ತೊಳ್ಕೊಂಡು ಮತ್ತೆ ಕಲಸಿದೆ." ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಅವತ್ತು ನಿಮಗಂದ ಮಾತು ನೆನಸ್ಕೊಂಡ್ರೆ ಅದಕ್ಕಿಂತ ಹೆಚ್ಚು ಹೇಸಿಗೆ ಆಯ್ತದೆ, ಮಾದಯ್ಯನೋರೆ. ಎಷ್ಟು ತೊಳೆದ್ರೂ ಹೋಗ್ತಿಲ್ಲ."

ಕಾದ ಕಬ್ಬಿಣ ಕೆಂಪು ಕಳೆದು ಕಪ್ಪಾಯಿತು.

"ನಿಮ್ಮ ಮಾತು ನಂಗೆ ನೋವಾಯ್ತು, ಸುಳ್ಳು ಹೇಳಾಕಿಲ್ಲ," ಎಂದ ಕೊನೆಗೆ. "ಆದ್ರೂ ಅವ್ವನ ನರಳಾಟ ಕೇಳಿದ ಮೇಲೆ ನಿಮ್ಮ ಮೇಲೆ ಸಿಟ್ಟು ಬರ್ನಿಲ್ಲ. ಇಲ್ಲಿಗೆ ಬಂದ್ಮೇಲೆ ದಿನಾ ಅಂದ್ಕೋತಿದ್ದೆ, ಒಂದು ಸಲ ಬಂದು ನಿಮ್ಮ ಕೇಳ್ಬೇಕು ಅಂತ. ಆಮೇಲೆ ನನ್ನ ಮೈ ನಾನೇ ಮೂಸಿ ನೋಡ್ಕೊಂಡು ಸುಮ್ಮನಾಗ್ತಿದ್ದೆ. ಈ ನಾತ ಹೋಗೋದಲ್ಲ. ಗುಂಡಿ ಬುಟ್ಟು ಇರೋನೂ ಅಲ್ಲ ನಾನು. ಇಂಥೋನ್ನ ಯಾರು ತಾನೇ ಕಟ್ಕೋತಾರೆ?"

ಸಿದ್ದಾಜಮ್ಮ ತಲೆ ಎತ್ತಿದಳು. ಅವಳ ಕಣ್ಣು ತುಂಬಿತ್ತು, ತುಟಿಯ ಅಂಚಿನಲ್ಲಿ ಸಣ್ಣ ನಗುವಿತ್ತು.

"ನಾತ ಹೋಗೋದಿಲ್ಲ, ಗೊತ್ತು ನಂಗೆ. ನನ್ನ ಹೇಸಿಗೆನೂ ಹೋಗೋದಿಲ್ಲ... ನೀವೂ ಹೋಗ್ಬೇಡಿ."

ಮಾದಯ್ಯ ಕಪ್ಪಾದ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ನಿಂತ. ಅವಳೇ ಮುಂದೆ ಬಂದು ಅವನ ಕೈ ಹಿಡಿದಳು.

"ನಿಜವಾಗ್ಲೂ?" ಎಂದ.

"ಗಾಡಿ ಕಾಯ್ತಾ ಅದೆ," ಎಂದಳು ಸಿದ್ದಾಜಮ್ಮ. "ಬನ್ನಿ, ಮನೆಗೆ ಹೋಗುವ."